ಅಜ್ಜಿಯ ಹಸಿರು ಮಾತ್ರೆ

ಕಳೆದ ಭಾನುವಾರ ರಾತ್ರಿ ಮೈಸೂರಿನಿಂದ ಅಮ್ಮ ಫೋನ್ ಮಾಡಿದ್ದರು. ಕೆಲವು ತಿಂಗಳುಗಳಿಂದ ಅವರ ಅಂಗಾಲುಗಳಿಗೆ ಜೋಮು ಹಿಡಿಯುತ್ತಿತ್ತು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ12 ತೀರ ಕಡಿಮೆಯಿರುವುದು ಗೊತ್ತಾಯಿತಂತೆ. "ನೀನು ಕಳಿಸಿದ ಹಸಿರು ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ ಕಣೇ" ಎಂದು ಅವರು ಹೇಳಿದ್ದು ರಾತ್ರಿಯೆಲ್ಲ ನನ್ನನ್ನು ಚುಚ್ಚುತ್ತಿತ್ತು. ಅಮ್ಮ ಶುದ್ಧ ಸಸ್ಯಾಹಾರಿ. ಸ್ಪಿರುಲಿನಾ ಎಂಬ ಪಾಚಿಯ ಮಾತ್ರೆಗಳ ಬಾಟಲಿಯ ಮೇಲೆ ಬಿ12 ಎಂದು ಅಚ್ಚಾಗಿದ್ದುದನ್ನು ನಂಬಿ ಎರಡು ವರ್ಷ ಕಳುಹಿಸಿದವಳು ನಾನು.

ಮರುದಿನ ಬೆಳಿಗ್ಗೆ ಮಗಳ ಡಬ್ಬಿಗೆ ಅನ್ನದುಂಡೆಗಳನ್ನು ನೋರಿಯಲ್ಲಿ, ಅಂದರೆ ಒಣಗಿಸಿದ ಸಮುದ್ರ ಪಾಚಿಯ ಹಾಳೆಯಲ್ಲಿ, ಸುತ್ತುತ್ತಿದ್ದೆ. ಪಾರ್ಸೆಲ್ ಮಾಡದೆ ಉಳಿದಿದ್ದ ಬಾಟಲಿಯನ್ನು ಅಲ್ಲಾಡಿಸುತ್ತಾ ಅವಳು ಕೇಳಿದಳು: "ಅಮ್ಮಾ, ನಾವು ಊಟ ಮಾಡೋದನ್ನ ಅಜ್ಜಿ ಯಾಕೆ ನೀರಿನ ಜೊತೆ ನುಂಗ್ತಾರೆ?"

ಜಪಾನಿನ ಕುಮಾಮೊಟೊದಲ್ಲೇ ಹುಟ್ಟಿದ ಮಗುವಿಗೆ ಇವೆಲ್ಲವೂ ಸಮುದ್ರದ ಸೊಪ್ಪುಗಳೇ. ನಮಗಾದರೋ ಪಾಚಿ ಎಂದರೆ ಬಾವಿಕಟ್ಟೆಯ ಮೇಲೆ ಕಾಲು ಜಾರಿಸುವ ವಸ್ತು, ಇಲ್ಲವೇ ಸರ್ವರೋಗ ನಿವಾರಕ ಎಂದು ಮಾರಾಟವಾಗುವ ಪುಡಿ. ಇವೆರಡರ ನಡುವೆ ಅದಕ್ಕೊಂದು ಸ್ಥಾನವಿದೆ ಎಂಬುದನ್ನು ನಾವು ಯೋಚಿಸುವುದೇ ಕಡಿಮೆ. ಅಮ್ಮನ ಊರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಸ್ಪಿರುಲಿನಾ ಬೆರೆಸಿದ ಚಿಕ್ಕಿಯನ್ನು ರೂಪಿಸಿದೆ. ಅದನ್ನು ತಿಂಡಿಯಾಗಿ ಕಂಡ ಆ ವಿಜ್ಞಾನಿಗಳ ಬಗ್ಗೆ ನನಗೆ ಹೆಮ್ಮೆಯಿದೆ.

ಸ್ಪಿರುಲಿನಾ ಕಳಪೆ ಆಹಾರವೇನಲ್ಲ. ಅದರ ಒಣ ತೂಕದಲ್ಲಿ ಸುಮಾರು 60 ಶೇಕಡಾ ಪ್ರೋಟೀನ್. ಕಬ್ಬಿಣಾಂಶ, ಬೀಟಾ ಕ್ಯಾರೋಟಿನ್‌ಗಳೂ ಇವೆ. ಆದರೆ ದಿನಕ್ಕೆ 3 ಗ್ರಾಂ ಮಾತ್ರೆ ನುಂಗಿದರೆ ಸಿಗುವ ಪ್ರೋಟೀನ್ 2 ಗ್ರಾಂ ಅಷ್ಟೇ, ಒಂದು ಬಟ್ಟಲು ಬೇಳೆಯಲ್ಲಿ ಅದಕ್ಕಿಂತ ಹೆಚ್ಚಿರುತ್ತದೆ. ಇನ್ನು ಅದರಲ್ಲಿರುವ ಬಿ12ರ ಬಹುಪಾಲು ಹುಸಿ ಬಿ12: ರಚನೆಯಲ್ಲಿ ನಿಜವಾದುದನ್ನು ಹೋಲುತ್ತದೆ, ಕೆಲವು ಪ್ರಯೋಗಾಲಯ ವಿಧಾನಗಳಲ್ಲಿ ಅದರ ಲೆಕ್ಕಕ್ಕೇ ಸೇರಿಬಿಡುತ್ತದೆ, ಆದರೆ ನಮ್ಮ ದೇಹಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಇಷ್ಟನ್ನು ನಾನು ಮೊದಲೇ ಓದಿ ತಿಳಿಯಬೇಕಿತ್ತು.

ಪಕ್ಕದ ಮನೆಯ ಅಜ್ಜಿಗೆ ವಿಷಯ ಹೇಳಿದಾಗ ಅವರು ಮಾತಾಡದೆ ಒಳಗೆ ಹೋಗಿ ಒಂದು ಕಟ್ಟು ಅರಿಯಾಕೆ ಸಮುದ್ರದ ನೋರಿಯನ್ನೂ ಕೊಂಬು ಎಂಬ ದಪ್ಪ ಸಮುದ್ರ ಪಾಚಿಯ ಒಂದು ತುಂಡನ್ನೂ ತಂದರು. ಕೊಂಬುವನ್ನು ನಾನು ಕೈಮುಗಿದು ಹಿಂತಿರುಗಿಸಿದೆ. ಅಮ್ಮನಿಗೆ ಥೈರಾಯ್ಡ್ ತೊಂದರೆಯಿದೆ, ಅಯೋಡಿನ್ ಅತಿಯಾಗಬಾರದು; ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ ಆದರೆ ಒಂದೇ ಒಂದು ಗ್ರಾಂ ಒಣ ಕೊಂಬುವಿನಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು ಇರಬಹುದು. ಅಜ್ಜಿ ತಲೆಯಾಡಿಸಿ, ತಾವೂ ಅದನ್ನು ಸಾರು ಕುದಿಸಲಷ್ಟೇ ಬಳಸುವುದಾಗಿ ಹೇಳಿದರು.

ಆ ನೋರಿಯ ಹಿಂದೆ ಒಬ್ಬ ಹೆಂಗಸಿನ ಕಥೆಯಿದೆ. ನೋರಿ ಬೇಸಿಗೆಯಲ್ಲಿ ಎಲ್ಲಿಗೆ ಮಾಯವಾಗುತ್ತದೆಂದು ತಿಳಿಯದೆ ಇಲ್ಲಿನ ಬೆಳೆಗಾರರು ಒದ್ದಾಡುತ್ತಿದ್ದಾಗ, ಅದು ಚಿಪ್ಪುಗಳ ಒಳಗೆ ಬೇರೆಯೇ ರೂಪದಲ್ಲಿ ಬದುಕುತ್ತದೆ ಎಂದು 1949ರಲ್ಲಿ ತೋರಿಸಿದವರು ಇಂಗ್ಲೆಂಡಿನ ಕ್ಯಾಥ್ಲೀನ್ ಡ್ರೂ-ಬೇಕರ್. ಅವರು ಜಪಾನಿಗೆ ಒಮ್ಮೆಯೂ ಬಂದವರಲ್ಲ. ಆದರೂ ನಮ್ಮ ಹತ್ತಿರದ ಉತೊದಲ್ಲಿ ಅವರ ಸ್ಮಾರಕವಿದೆ; ಪ್ರತಿ ಏಪ್ರಿಲ್ 14ರಂದು ಅವರನ್ನು 'ಸಮುದ್ರದ ತಾಯಿ' ಎಂದು ಅಲ್ಲಿ ನೆನೆಯುತ್ತಾರೆ. ಉಪಕಾರ ಮಾಡಿದ ಅಪರಿಚಿತಳನ್ನು ಇಷ್ಟು ವರ್ಷ ನೆನಪಿಟ್ಟುಕೊಂಡ ಊರು ಎಂಬ ಕಾರಣಕ್ಕೇ ನನಗೆ ಈ ನೆಲ ಹತ್ತಿರವೆನಿಸುತ್ತದೆ.

ನೋರಿಯಲ್ಲಿ ನಿಜವಾದ ಬಿ12 ಇದೆ, ನಾರಿನಂಶವಿದೆ. ಆದರೆ ಒಂದು ಹಾಳೆಯ ತೂಕ ಸುಮಾರು 3 ಗ್ರಾಂ ಮಾತ್ರ. ಅದನ್ನೇ ನೆಚ್ಚಿಕೊಳ್ಳುವ ತಪ್ಪನ್ನು ಮತ್ತೆ ಮಾಡಲಾರೆ. ಅಮ್ಮ ವೈದ್ಯರು ಹೇಳಿದಂತೆ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಾರೆ. ನೋರಿಯನ್ನು ಕಳುಹಿಸಿದ್ದು ಬಾಯಿರುಚಿಗೆ.

ನಿನ್ನೆ ಕಟ್ಟು ತಲುಪಿತು. ವಿಡಿಯೋದಲ್ಲಿ ಮಗಳು ಹೇಳಿಕೊಟ್ಟಂತೆ ಅಮ್ಮ ಒಂದು ಹಾಳೆಯನ್ನು ಹಪ್ಪಳದಂತೆ ಸಣ್ಣ ಉರಿಯ ಮೇಲೆ ಆಡಿಸಿದರು. ಕಪ್ಪು ನೇರಳೆ ಬಣ್ಣ ಮೆಲ್ಲನೆ ಹಸಿರಾಯಿತು. ಒಂದು ಚೂರು ಮುರಿದು ಬಾಯಿಗಿಟ್ಟು, ಬಹಳ ಹೊತ್ತು ಅಗಿದು, "ಇದಕ್ಕೆ ತುಪ್ಪ ಸವರಬಹುದೇನೇ ಪುಟ್ಟಿ?" ಎಂದು ಮೊಮ್ಮಗಳನ್ನು ಕೇಳಿದರು.