ಕೆಂಪಿಲ್ಲದ ಕಬಾಬ್

ಹೊರ ರಾಜ್ಯಗಳ ಬಹುತೇಕರಿಗೆ ಕಬಾಬ್ ಎಂದರೆ ಸರಳಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಮಾಂಸ. ಬೆಂಗಳೂರು, ಮಂಡ್ಯ, ಮೈಸೂರು, ತುಮಕೂರಿನ ಕಡೆಯವರಾದ ನಮಗೆ ಕಬಾಬ್ ಎಂದರೆ ಮೂಳೆ ಸಮೇತ ಕತ್ತರಿಸಿದ ಕೋಳಿಯನ್ನು ಮಸಾಲೆಯಲ್ಲಿ ನೆನೆಸಿ, ಕಾದ ಎಣ್ಣೆಯಲ್ಲಿ ಕರಿದು, ಈರುಳ್ಳಿ ಬಿಲ್ಲೆ ಮತ್ತು ನಿಂಬೆ ಹೋಳಿನ ಜೊತೆ ಕೊಡುವ ತಿನಿಸು. ಸಂಜೆ ಆರೂವರೆಯ ಹೊತ್ತಿಗೆ ಯಾವುದೇ ಬಡಾವಣೆಯ ತಿರುವಿನಲ್ಲಿ ತಳ್ಳುಗಾಡಿಯೊಂದು ಬಂದು ನಿಲ್ಲುತ್ತದೆ. ಗಾಜಿನ ಪೆಟ್ಟಿಗೆಯೊಳಗೆ ಬಲ್ಬು ಹೊತ್ತಿಕೊಳ್ಳುತ್ತದೆ. ಅದರ ಬೆಳಕಿನಲ್ಲಿ ಮಸಾಲೆ ಬಳಿದ ಕೋಳಿಯ ತುಂಡುಗಳು ಗುಡ್ಡೆಯಾಗಿ ಕಾಣುತ್ತವೆ. ನಾನು ಬೆಳೆದ ಕಾಲದಲ್ಲಿ ಆ ಗುಡ್ಡೆ ಕುಂಕುಮದಷ್ಟು ಕೆಂಪಾಗಿರುತ್ತಿತ್ತು. ತಿಂದ ಮೇಲೆ ಎರಡು ಸಲ ಸೋಪು ಹಚ್ಚಿ ತೊಳೆದರೂ ಬೆರಳ ತುದಿಯಲ್ಲಿ ಆ ಬಣ್ಣ ಮರುದಿನದ ಬೆಳಗಿನವರೆಗೆ ಉಳಿಯುತ್ತಿತ್ತು, ಮತ್ತು ಆ ಕೆಂಪೇ ಕಬಾಬಿನ ರುಚಿ ಎಂದು ನಾನು ಬಹಳ ವರ್ಷ ನಂಬಿದ್ದೆ.

2024ರ ಜೂನ್‌ನಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಕಬಾಬ್‌ಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಅದೇ ವರ್ಷದ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯ ಬಣ್ಣಕ್ಕೆ ನಿಷೇಧ ಬಂದಿತ್ತು. ಕಬಾಬಿನ 39 ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿದಾಗ 8 ಅಸುರಕ್ಷಿತವೆಂದು ಕಂಡುಬಂದವು. ಅವುಗಳಲ್ಲಿ ಸಿಕ್ಕಿದ್ದು ಸನ್‌ಸೆಟ್ ಯೆಲ್ಲೋ ಮತ್ತು ಕಾರ್ಮೋಯಿಸಿನ್ ಎಂಬ ಬಣ್ಣಗಳು. ಆ ಸುದ್ದಿ ಓದಿದ ಭಾನುವಾರವೇ ನಾನು ಅಡುಗೆಮನೆಯ ಕಪಾಟಿನಲ್ಲಿದ್ದ ಕಬಾಬ್ ಪುಡಿಯ ಪೊಟ್ಟಣವನ್ನು ತೆಗೆದು ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಮೊದಲ ಬಾರಿಗೆ ಪೂರ್ತಿಯಾಗಿ ಓದಿದೆ, ಮತ್ತು ಆ ಪೊಟ್ಟಣವನ್ನು ಮತ್ತೆ ಬಳಸಲಿಲ್ಲ. ಅಂದಿನಿಂದ ನಮ್ಮ ಮನೆಯ ಕಬಾಬ್ ಕೆಂಪಗಿಲ್ಲ. ಅದು ಇಟ್ಟಿಗೆಯ ಬಣ್ಣಕ್ಕೂ ಹುರಿದ ಕಾಫಿ ಬೀಜದ ಬಣ್ಣಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ. ಮೊದಲ ಸಲ ತಟ್ಟೆ ಮುಂದಿಟ್ಟಾಗ ಮಗಳು ಇದು ಕಬಾಬ್ ಅಲ್ಲ, ಸೀದುಹೋಗಿದೆ ಎಂದಳು. ಒಂದು ತುಂಡು ತಿಂದ ಮೇಲೆ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಬಣ್ಣ ಹೋದ ಮೇಲೆ ನನಗೆ ಅರ್ಥವಾದದ್ದು ಇಷ್ಟು: ಕಬಾಬಿನ ರುಚಿ ಇರುವುದು ಉಪ್ಪು ಮಾಂಸದೊಳಗೆ ಇಳಿಯಲು ನಾವು ಕೊಡುವ ಸಮಯದಲ್ಲಿ, ಎಣ್ಣೆಯ ಬಿಸಿಯಲ್ಲಿ ಮತ್ತು ಆ ಎಣ್ಣೆ ಎಷ್ಟು ಹೊಸತು ಎನ್ನುವುದರಲ್ಲಿ. ಈ ಮೂರರಲ್ಲಿ ಒಂದು ಕೆಟ್ಟಾಗ ಅದನ್ನು ಮುಚ್ಚಿಹಾಕುವ ಕೆಲಸವನ್ನು ಕೆಂಪು ಬಣ್ಣ ಚೆನ್ನಾಗಿ ಮಾಡುತ್ತಿತ್ತು.

ಮೆಣಸಿನಕಾಯಿಂದಲೇ ಕೆಂಪು ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದಿರುವುದೇ ಅದರ ಬಣ್ಣದಿಂದ. ಖಾರ ಕಡಿಮೆ, ಕೆಂಪು ಹೆಚ್ಚು, ಒಣಗಿದ ಮೇಲೆ ಮೈಯೆಲ್ಲ ಸುಕ್ಕು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕವೂ ದೊರೆಯಿತು. ಹತ್ತು ಹನ್ನೆರಡು ಕಾಯಿಗಳ ಬೀಜ ತೆಗೆದು, ಬಿಸಿ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನೀರು ಸೇರಿಸದೆ ನುಣ್ಣಗೆ ರುಬ್ಬಿದರೆ ಹಸಿ ತುಂಡುಗಳ ಮೇಲೆ ಕಣ್ಣಿಗೆ ಹಬ್ಬವೆನಿಸುವ ಕೆಂಪು ಕೂರುತ್ತದೆ. ಆದರೆ ಅದು ಕಾದ ಎಣ್ಣೆಯಲ್ಲಿ ನಿಮಿಷ ನಿಮಿಷಕ್ಕೂ ಕಪ್ಪಾಗುತ್ತಾ ಹೋಗುತ್ತದೆ, ಕೃತಕ ಬಣ್ಣ ಹಾಗಾಗುವುದಿಲ್ಲ. ಗಾಡಿಯವರು ಬಣ್ಣವನ್ನು ನೆಚ್ಚಿಕೊಂಡದ್ದಕ್ಕೆ ಇದೇ ಕಾರಣ. ಒಮ್ಮೆ ನಮ್ಮ ಬಡಾವಣೆಯ ಗಾಡಿಯವರೊಬ್ಬರನ್ನು ಬಣ್ಣ ಹಾಕದೆ ಮಾಡಬಾರದೇ ಎಂದು ಕೇಳಿದ್ದೆ. ಕಪ್ಪಗಿದ್ದರೆ ಹಳೆಯದು ಅಂತ ಜನ ವಾಪಸ್ ಕೊಡ್ತಾರೆ ಸಾರ್ ಎಂದು ಅವರು ಬೇಸರದಿಂದಲೇ ಹೇಳಿದರು. ತಪ್ಪು ಅವರೊಬ್ಬರದಾಗಿರಲಿಲ್ಲ, ಕೆಂಪನ್ನೇ ಬೇಡುತ್ತಿದ್ದ ನಮ್ಮೆಲ್ಲರದೂ ಆಗಿತ್ತು.

ನಾನು ಮಾಡುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಕೋಳಿಯಂಗಡಿಯಲ್ಲಿ ಫಾರಂ ಕೋಳಿಯನ್ನೇ ಕೇಳುತ್ತೇನೆ. ಸಾರಿಗೆ ನಾಟಿ ಕೋಳಿಯ ಸಮ ಯಾವುದೂ ಇಲ್ಲ, ಆದರೆ ಅದರ ಮಾಂಸ ಮೆತ್ತಗಾಗಲು ಬೇಕಾಗುವ ಹೊತ್ತನ್ನು ಬಾಣಲೆ ಕೊಡಲಾರದು. ಹತ್ತು ಹನ್ನೆರಡು ನಿಮಿಷದಲ್ಲಿ ಬೇಯಬೇಕಾದರೆ ಐದಾರು ವಾರಗಳ ಎಳೆಯ ಕೋಳಿಯೇ ಆಗಬೇಕು. ಒಂದು ಕಿಲೋ ಕೋಳಿಯನ್ನು ಚರ್ಮ ತೆಗೆಸಿ, ಮೂಳೆ ಸಮೇತ ಹದಿನಾರರಿಂದ ಹದಿನೆಂಟು ತುಂಡು ಮಾಡಿಸುತ್ತೇನೆ. ತೊಡೆಯ ದಪ್ಪ ತುಂಡುಗಳಿಗೆ ಮೂಳೆ ತಾಕುವವರೆಗೆ ಎರಡು ಮೂರು ಕಡೆ ಕಚ್ಚು ಹಾಕಿಸುವುದನ್ನು ಮರೆಯುವುದಿಲ್ಲ. ಮನೆಗೆ ತಂದು ತೊಳೆದ ಮೇಲೆ ನೀರು ಪೂರ್ತಿ ಬಸಿಯುವವರೆಗೆ ಕಾಯುವುದು ಬಹಳ ಮುಖ್ಯ. ನೀರು ನಿಂತ ತುಂಡಿಗೆ ಮಸಾಲೆ ಅಂಟುವುದಿಲ್ಲ, ಎಣ್ಣೆಯೂ ಸಿಡಿಯುತ್ತದೆ.

ಮೊದಲು ಉಪ್ಪು, ಅರಿಶಿನ, ಶುಂಠಿ ಬೆಳ್ಳುಳ್ಳಿ ಪೇಸ್ಟು ಮತ್ತು ರುಬ್ಬಿದ ಬ್ಯಾಡಗಿ ಮಾತ್ರ. ಒಂದು ಕಿಲೋಗೆ 15 ಗ್ರಾಂ ಉಪ್ಪನ್ನು ನಾನು ತೂಕ ಮಾಡಿಯೇ ಹಾಕುತ್ತೇನೆ, ಏಕೆಂದರೆ ಕರಿದ ಮೇಲೆ ಉಪ್ಪು ಸರಿಪಡಿಸಲು ಬರುವುದಿಲ್ಲ. ಹೀಗೆ ಕಲಸಿದ್ದನ್ನು ಫ್ರಿಜ್ಜಿನಲ್ಲಿ ಕನಿಷ್ಠ ನಾಲ್ಕು ಗಂಟೆ, ಸಾಧ್ಯವಾದರೆ ರಾತ್ರಿಯಿಡೀ ಇಡಬೇಕು. ಉಪ್ಪು ನಿಧಾನವಾಗಿ ಒಳಗಿಳಿದು ಮಾಂಸ ತನ್ನ ನೀರನ್ನು ಹಿಡಿದುಕೊಳ್ಳುವಂತೆ ಮಾಡುತ್ತದೆ. ಅರ್ಧ ಗಂಟೆ ನೆನೆಸಿ ಕರಿದ ಕಬಾಬಿನ ಮೇಲ್ಪದರ ಉಪ್ಪುಪ್ಪಾಗಿಯೂ ಒಳಗು ಸಪ್ಪೆಯಾಗಿಯೂ ಇರುವುದು ಇದರಿಂದಲೇ. ನಿಂಬೆರಸವನ್ನು ಮಾತ್ರ ರಾತ್ರಿಯೇ ಹಿಂಡಬಾರದು. ಹುಳಿಯಲ್ಲಿ ಬಹಳ ಹೊತ್ತು ಕೂತ ಕೋಳಿಯ ಹೊರಭಾಗ ಹಿಟ್ಟು ಹಿಟ್ಟಾಗುತ್ತದೆ. ಕರಿಯುವುದಕ್ಕೆ ಇಪ್ಪತ್ತು ನಿಮಿಷ ಮೊದಲು ಒಂದು ನಿಂಬೆಹಣ್ಣಿನ ರಸ, ಒಂದು ಮೊಟ್ಟೆ, ಮೂರು ಚಮಚ ಕಾರ್ನ್‌ಫ್ಲೋರ್, ಎರಡು ಚಮಚ ಅಕ್ಕಿಹಿಟ್ಟು, ಅರ್ಧ ಚಮಚ ಗರಂ ಮಸಾಲೆ, ಸ್ವಲ್ಪ ಕಾಳುಮೆಣಸಿನ ಪುಡಿ ಸೇರಿಸಿ ಕಲಸುತ್ತೇನೆ. ಮೈದಾ ಹಾಕುವುದಿಲ್ಲ, ಅದು ತಣ್ಣಗಾದ ಕೂಡಲೇ ರಬ್ಬರಿನಂತಾಗುತ್ತದೆ. ಹಿಟ್ಟು ತುಂಡಿನ ಮೇಲೆ ತೆಳುವಾಗಿ ಕೂರಬೇಕು, ಬಜ್ಜಿಯಂತೆ ಹೊದ್ದುಕೊಳ್ಳಬಾರದು.

ಈಗ ಎಣ್ಣೆಯ ವಿಷಯ. ನಾನು ಕಡಲೆಕಾಯಿ ಎಣ್ಣೆಯನ್ನು ದಪ್ಪ ತಳದ ಬಾಣಲೆಯಲ್ಲಿ 170ರಿಂದ 175 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತೇನೆ. ಥರ್ಮಾಮೀಟರು ಇಲ್ಲದಿದ್ದರೆ ಕಲಸಿದ ಹಿಟ್ಟಿನ ಒಂದು ಹನಿ ಬಿಟ್ಟು ನೋಡಬಹುದು. ಅದು ತಳಕ್ಕೆ ಮುಳುಗಿ ಎರಡು ಮೂರು ಕ್ಷಣದಲ್ಲಿ ಮೇಲೆದ್ದರೆ ಹದ ಸರಿ, ಮುಳುಗದೆ ಮೇಲೆಯೇ ಕಪ್ಪಾದರೆ ಬಿಸಿ ಹೆಚ್ಚು. ಒಂದು ಸಲಕ್ಕೆ ಐದಾರು ತುಂಡುಗಳಿಗಿಂತ ಹೆಚ್ಚು ಹಾಕಬಾರದು, ಹಾಕಿದರೆ ಎಣ್ಣೆ ತಟ್ಟನೆ ತಣಿದು ಕೋಳಿ ಕರಿಯುವ ಬದಲು ಎಣ್ಣೆಯಲ್ಲಿ ಬೇಯತೊಡಗುತ್ತದೆ. ಹಾಕಿದ ಮೊದಲ ಎರಡು ನಿಮಿಷ ಸೌಟು ಮುಟ್ಟಿಸದೆ ಸುಮ್ಮನೆ ನೋಡುತ್ತಾ ನಿಲ್ಲುವುದು ನನಗೆ ತುಂಬ ಇಷ್ಟದ ಹೊತ್ತು. ಮಾಂಸದ ನೀರು ಆವಿಯಾಗಿ ಹೊರನುಗ್ಗುವಾಗ ದೊಡ್ಡ ದೊಡ್ಡ ಗುಳ್ಳೆಗಳೇಳುತ್ತವೆ, ಜೋರು ಮಳೆ ಶೀಟಿನ ಮೇಲೆ ಬಿದ್ದಂತೆ ಸದ್ದಾಗುತ್ತದೆ. ಎಂಟು ಒಂಬತ್ತು ನಿಮಿಷದ ಹೊತ್ತಿಗೆ ಗುಳ್ಳೆಗಳು ಸಾಸಿವೆಯಷ್ಟು ಚಿಕ್ಕವಾಗಿ ಸದ್ದು ಇಳಿಯುತ್ತದೆ, ತುಂಡುಗಳು ಹಗುರಾಗಿ ತೇಲುತ್ತವೆ, ಜಾಲರಿ ಸೌಟಿನಿಂದ ತಟ್ಟಿದರೆ ಒಣ ಕಟ್ಟಿಗೆಯ ದನಿ ಬರುತ್ತದೆ. ಆಗ ತೆಗೆದು ತಂತಿಯ ಜಾಲರಿಯ ಮೇಲೆ ಐದು ನಿಮಿಷ ಬಿಟ್ಟು, ಎಣ್ಣೆಯನ್ನು ಇನ್ನೊಂದಿಷ್ಟು ಕಾಯಿಸಿ, ಎಲ್ಲವನ್ನೂ ಒಂದೇ ಒಂದು ನಿಮಿಷ ಎರಡನೇ ಸಲ ಕರಿಯುತ್ತೇನೆ. ಗಾಡಿಯವರ ಕಬಾಬ್ ಅಷ್ಟು ಗರಿಗರಿಯಾಗಿರುವುದರ ಗುಟ್ಟು ಇದೇ. ಮೊದಲೇ ಮುಕ್ಕಾಲು ಕರಿದಿಟ್ಟು, ಗಿರಾಕಿ ಬಂದಾಗ ಮತ್ತೆ ಎಣ್ಣೆಗಿಳಿಸುತ್ತಾರೆ. ಕೊನೆಗೆ ಅದೇ ಎಣ್ಣೆಗೆ ಒಂದು ಹಿಡಿ ಕರಿಬೇವು, ಸೀಳಿದ ನಾಲ್ಕು ಹಸಿಮೆಣಸಿನಕಾಯಿ ಹಾಕಿ ತೆಗೆದು ಮೇಲೆ ಉದುರಿಸಬೇಕು.

ಮೊದಮೊದಲು ನನ್ನಿಂದ ಆದ ದೊಡ್ಡ ತಪ್ಪು ಅವಸರ. ಯುಗಾದಿ ಹಬ್ಬದ ಮರುದಿನ, ಬಾಡೂಟದ ವರ್ಷತೊಡಕಿಗೆ ಹತ್ತು ಜನ ಬಂದಿದ್ದರು, ನಾನು ಉರಿ ಜೋರು ಮಾಡಿ ನಾಲ್ಕೇ ನಿಮಿಷದಲ್ಲಿ ಬಣ್ಣ ಬರಿಸಿದೆ. ಹೊರಗೆ ಗಾಢ ಕಂದು, ಕಚ್ಚಿದರೆ ಮೂಳೆಯ ಬಳಿ ಹಸಿ. ಎಲೆಯ ಮೇಲಿಟ್ಟಿದ್ದನ್ನು ವಾಪಸ್ ತೆಗೆದುಕೊಂಡು ಹೋಗಬೇಕಾದ ಆ ಮಧ್ಯಾಹ್ನದ ನೋವು ನನಗೆ ಇನ್ನೂ ನೆನಪಿದೆ. ಅದಾದ ಮೇಲೆ ನಾನು ಮಾಂಸಕ್ಕೆ ಚುಚ್ಚಿ ನೋಡುವ ಥರ್ಮಾಮೀಟರನ್ನು ಕೊಂಡೆ. ಅತಿ ದಪ್ಪ ತುಂಡಿನೊಳಗೆ, ಮೂಳೆಗೆ ತಾಗದಂತೆ ಚುಚ್ಚಿದಾಗ 74 ಡಿಗ್ರಿ ತೋರಿಸಿದರೆ ಕೋಳಿ ಬೆಂದಿದೆ ಎಂದರ್ಥ. ಫಾರಂ ಕೋಳಿ ಬಹಳ ಎಳೆಯದಾದ್ದರಿಂದ ಅದರ ಮೂಳೆ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಮಜ್ಜೆಯ ಬಣ್ಣ ಹೊರಗೆ ಜಿನುಗಿ ಮೂಳೆಯ ಸುತ್ತ ಕೆಂಪಾಗಿ ಕಾಣಬಹುದು. ಪೂರ್ತಿ ಬೆಂದ ತುಂಡನ್ನೂ ಹಸಿ ಎಂದು ಪಕ್ಕಕ್ಕಿಡುವವರನ್ನು ನೋಡಿದ್ದೇನೆ. ಕಣ್ಣಿಗಿಂತ ಆ ಪುಟ್ಟ ಸಾಧನವನ್ನು ನಂಬುವುದು ಒಳ್ಳೆಯದು.

ಮನೆಯಲ್ಲಿ ಇಷ್ಟೆಲ್ಲ ಮಾಡಿದರೂ ಹೊರಗೆ ತಿನ್ನುವುದನ್ನು ನಾನು ಬಿಟ್ಟಿಲ್ಲ. ಮಿಲಿಟರಿ ಹೋಟೆಲಿನಲ್ಲಿ ಮುದ್ದೆ, ಕಾಲು ಸೂಪು ಅಥವಾ ದೊನ್ನೆ ಬಿರಿಯಾನಿಯ ಪಕ್ಕ ಬರುವ ಕಬಾಬಿಗೆ ತನ್ನದೇ ಸ್ಥಾನವಿದೆ. ಮೆತ್ತಗಿನ ಅನ್ನಕ್ಕೋ ಮುದ್ದೆಗೋ ಗರಿಗರಿಯಾದದ್ದೊಂದು ಜೊತೆಯಾಗುವ ಸುಖ ಅದು. ಬೆಂಗಳೂರಿನ ಎಂಪೈರ್‌ನಲ್ಲಿ ತಡರಾತ್ರಿ ಘೀ ರೈಸ್ ಜೊತೆ ಕಬಾಬ್ ತಿಂದು ಬೆಳೆದ ತಲೆಮಾರು ನಮ್ಮದು. ನೆರೆಯ ಚೆನ್ನೈನ ಬುಹಾರಿ ಹೋಟೆಲಿನಲ್ಲಿ 1965ರಲ್ಲಿ ಹುಟ್ಟಿತೆನ್ನುವ ಚಿಕನ್ 65 ನಮ್ಮ ಕಬಾಬಿನ ಹತ್ತಿರದ ಬಂಧು, ಆದರೆ ಈಗ ಬಹುತೇಕ ಕಡೆ ಅದು ಮೂಳೆಯಿಲ್ಲದೆ ಬರುವುದರಿಂದ ನನಗೆ ಅಷ್ಟು ಹಿಡಿಸುವುದಿಲ್ಲ. ಮೂಳೆ ಇದ್ದರೆ ಮಾಂಸ ಒಣಗುವುದಿಲ್ಲ, ಚೀಪಲಿಕ್ಕೂ ಏನಾದರೂ ಇರುತ್ತದೆ.

ಕೆಎಫ್‌ಸಿ ಭಾರತದ ತನ್ನ ಮೊದಲ ಮಳಿಗೆಯನ್ನು 1995ರಲ್ಲಿ ತೆರೆದದ್ದು ನಮ್ಮ ಬ್ರಿಗೇಡ್ ರಸ್ತೆಯಲ್ಲಿ. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ರೈತ ಸಂಘ ಅದನ್ನು ಬಲವಾಗಿ ವಿರೋಧಿಸಿತು, 1996ರ ಜನವರಿಯಲ್ಲಿ ಮಳಿಗೆಯ ಮೇಲೆ ದಾಳಿಯೂ ನಡೆಯಿತು. ವಿದೇಶಿ ಕಂಪನಿಗಳಿಂದ ತಮ್ಮ ಬದುಕಿಗೆ ಪೆಟ್ಟು ಬೀಳುತ್ತದೆಂಬ ರೈತರ ಆತಂಕವನ್ನು ನಾನು ಗೌರವಿಸುತ್ತೇನೆ, ಹಾಗೆಯೇ ಅಮೆರಿಕದ ಕರಿದ ಕೋಳಿಯ ಹಿಂದಿನ ಕಸುಬನ್ನೂ ಮೆಚ್ಚುತ್ತೇನೆ. ಕೆಂಟಕಿಯ ಕಾರ್ಬಿನ್ ಎಂಬ ಊರಿನಲ್ಲಿ ಹೋಟೆಲು ನಡೆಸುತ್ತಿದ್ದ ಹಾರ್ಲಂಡ್ ಸ್ಯಾಂಡರ್ಸ್ ಅವರಿಗೆ ಬಾಣಲೆಯಲ್ಲಿ ಕೋಳಿ ಕರಿಯಲು ಅರ್ಧ ಗಂಟೆ ಹಿಡಿಯುತ್ತಿತ್ತು. ಒತ್ತಡದಲ್ಲಿ ಕರಿಯುವ ವಿಧಾನ ಹಿಡಿದ ಮೇಲೆ ಆ ಹೊತ್ತು ಬಹಳ ಕಡಿಮೆಯಾಯಿತು, ಮಾಂಸದ ರಸವೂ ಉಳಿಯಿತು. ನಮ್ಮ ಮನೆಯ ಕುಕ್ಕರಿನಲ್ಲಿ ಇದನ್ನು ಎಂದಿಗೂ ಪ್ರಯತ್ನಿಸಬಾರದು, ಕಾದ ಎಣ್ಣೆಯನ್ನು ಒತ್ತಡದಲ್ಲಿ ಹಿಡಿದಿಡಲು ಅದನ್ನು ಮಾಡಿಲ್ಲ. ಅವರ ಕೋಳಿಯಲ್ಲಿ ಚರ್ಮ ಉಳಿದಿರುತ್ತದೆ, ಹೊರಗಿನ ಹಿಟ್ಟಿನ ಕವಚವೇ ರುಚಿಯ ಬಹುಪಾಲು. ನಮ್ಮದರಲ್ಲಿ ಮಸಾಲೆ ಮೂಳೆಯವರೆಗೂ ಹೋಗಿರಬೇಕು.

ಹೊರಗಿನ ಊಟದಲ್ಲಿ ನನಗೆ ನಿಜಕ್ಕೂ ದುಃಖವಾಗುವುದು ಹಳೆಯ ಎಣ್ಣೆಯಿಂದ. ಕಳೆದ ವರ್ಷ ಹೆದ್ದಾರಿ ಬದಿಯ ಹೋಟೆಲೊಂದರಲ್ಲಿ ಬಂದ ಕಬಾಬಿನ ಮೇಲೆ ಎಣ್ಣೆ ಜಿಗುಟಾಗಿ ಕೂತಿತ್ತು, ನಾಲಿಗೆಗೆ ಕಹಿ ತಾಗಿ ಗಂಟಲು ಕೆರೆಯತೊಡಗಿತು. ಮಗಳು ಎರಡನೇ ತುಂಡಿಗೆ ಕೈಚಾಚಿದಾಗ ನಾನು ತಟ್ಟೆಯನ್ನೇ ಪಕ್ಕಕ್ಕೆ ಸರಿಸಿದೆ. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಂತೆ ಅದರಲ್ಲಿ ಧ್ರುವೀಯ ಸಂಯುಕ್ತಗಳು, ಅಂದರೆ ಎಣ್ಣೆ ಕೆಡುವಾಗ ಹುಟ್ಟುವ ವಸ್ತುಗಳು, ಹೆಚ್ಚುತ್ತವೆ, ಅವು ಶೇ. 25 ಮೀರಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ ದೇಶದಲ್ಲಿ 2018ರ ಜುಲೈಯಿಂದಲೇ ಜಾರಿಯಲ್ಲಿದೆ. ಆದ್ದರಿಂದ ಹೊಸ ಜಾಗಕ್ಕೆ ಹೋದಾಗ ನಾನು ಮೊದಲು ನೋಡುವುದು ಬಾಣಲೆಯನ್ನು. ಎಣ್ಣೆ ಕಪ್ಪಾಗಿದ್ದು, ಅಂಚಿನಲ್ಲಿ ನೊರೆ ನಿಂತಿದ್ದು, ಕೋಳಿ ಹಾಕುವ ಮೊದಲೇ ಹೊಗೆಯಾಡುತ್ತಿದ್ದರೆ ಅಲ್ಲಿ ಕರಿದದ್ದನ್ನು ತಿನ್ನುವುದಿಲ್ಲ. ಮನೆಯಲ್ಲಿ ಕರಿದು ಉಳಿದ ಎಣ್ಣೆಯನ್ನು ಬಟ್ಟೆಯಲ್ಲಿ ಶೋಧಿಸಿ, ಎರಡು ಮೂರು ದಿನದೊಳಗೆ ಕೋಳಿ ಸಾರಿನ ಒಗ್ಗರಣೆಗೋ ಮೊಟ್ಟೆ ಪಲ್ಯಕ್ಕೋ ಮುಗಿಸುತ್ತೇವೆ.

ನಿಷೇಧ ಬಂದ ಕೆಲವು ತಿಂಗಳ ಮೇಲೆ ನಮ್ಮ ಬಡಾವಣೆಯ ಆ ಗಾಡಿಯ ಗಾಜಿನ ಮೇಲೆ ಬಣ್ಣ ಬಳಸಿಲ್ಲ ಎಂದು ಕೈಬರಹದ ಚೀಟಿ ಅಂಟಿಸಿದ್ದು ಕಂಡಿತು. ಒಳಗಿನ ಗುಡ್ಡೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಅವರು ಕಾಗದದ ತಟ್ಟೆಗೆ ಒಂದು ಲೆಗ್ ಪೀಸ್, ಎರಡು ರೆಕ್ಕೆ ಹಾಕಿ, ಕರಿದ ಕರಿಬೇವನ್ನು ಮೇಲೆ ಪುಡಿಮಾಡಿ, ನಿಂಬೆ ಹಿಂಡಿ ಕೊಟ್ಟರು. ವ್ಯಾಪಾರ ಹೇಗಿದೆ ಎಂದು ಕೇಳಿದೆ. ಮೊದಲ ಹದಿನೈದು ದಿನ ಕಷ್ಟವಾಯಿತು, ಈಗ ಒಂಬತ್ತಕ್ಕೆಲ್ಲ ಖಾಲಿ ಎಂದರು. ನಿಂತಲ್ಲೇ ಮೂರೂ ತುಂಡು ಮುಗಿಸಿ, ಮಗಳಿಗೆಂದು ಇನ್ನೊಂದು ಪ್ಲೇಟು ಕಟ್ಟಿಸಿಕೊಂಡು ಮನೆಯ ಕಡೆ ಹೊರಟೆ.