ಹುಡುಕಿದೆ ಸರ್, ಏನೂ ಸಿಗಲಿಲ್ಲ

ದಾವಣಗೆರೆಯ ಕಾಲೇಜೊಂದರಲ್ಲಿ ಲೈಬ್ರರಿ ನೋಡಿಕೊಳ್ಳುವ ನನಗೆ ಪ್ರಾಜೆಕ್ಟ್ ಸಲ್ಲಿಸುವ ತಿಂಗಳು ಬಂತೆಂದರೆ ದಿನಕ್ಕೆ ನಾಲ್ಕು ಸಲ ಈ ಮಾತು ಕೇಳಿಸುತ್ತದೆ: 'ಹುಡುಕಿದೆ ಸರ್, ಏನೂ ಸಿಗಲಿಲ್ಲ. ಟಾಪಿಕ್ ಚೇಂಜ್ ಮಾಡ್ಲಾ?'

ಬೇಡ. ಟಾಪಿಕ್ ಹಾಗೇ ಇರಲಿ, ಹೆಸರು ಬದಲಿಸಿ ಹುಡುಕು. ನನ್ನ ಉತ್ತರ ಇಷ್ಟೇ. ಆದರೆ ಯಾವ ಹೆಸರು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹೋದ ವರ್ಷ ಇತಿಹಾಸದ ಹುಡುಗಿಯೊಬ್ಬಳು ನಮ್ಮೂರ ಹತ್ತಿ ಗಿರಣಿಗಳ ಬಗ್ಗೆ ಬರೆಯಲು ಹೊರಟಳು. ಕಂಪ್ಯೂಟರಿನಲ್ಲಿ 'ದಾವಣಗೆರೆ ಜಿಲ್ಲೆ' ಅಂತ ಹೊಡೆದಿದ್ದಾಳೆ, ಬಂದದ್ದೆಲ್ಲ ಈಚಿನವು. ಹಳೆಯದು ಬರುವುದಾದರೂ ಹೇಗೆ? ದಾವಣಗೆರೆ ಜಿಲ್ಲೆಯಾದದ್ದೇ 1997ರಲ್ಲಿ. ಅಲ್ಲಿಯವರೆಗೆ ನಾವು ಚಿತ್ರದುರ್ಗದ ಒಂದು ತಾಲೂಕು. ಕೆಳಗಿನ ಸಾಲಿನಿಂದ 1967ರ ಚಿತ್ರದುರ್ಗ ಜಿಲ್ಲಾ ಗೆಜೆಟಿಯರ್ (ಜಿಲ್ಲೆಯ ಬಗ್ಗೆ ಸರ್ಕಾರ ಹೊರತಂದ ಮಾಹಿತಿ ಗ್ರಂಥ) ತೆಗೆದುಕೊಟ್ಟೆ. ಅದೂ ಕರ್ನಾಟಕದ್ದಲ್ಲ, ಮೈಸೂರು ರಾಜ್ಯದ್ದು. ರಾಜ್ಯದ ಹೆಸರು ಬದಲಾದದ್ದು 1973ರಲ್ಲಿ. ಇನ್ನೂ ಹಿಂದಕ್ಕೆ ಹೋದರೆ ಇಂಗ್ಲಿಷರ ಬಾಯಲ್ಲಿ ಚಿತ್ರದುರ್ಗ 'ಚಿತಲ್‌ಡ್ರೂಗ್' (Chitaldroog) ಆಗಿದೆ. ಆ ಕಾಗುಣಿತ ಹಾಕದಿದ್ದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ಕಣ್ಣಿಗೆ ಬೀಳುವುದೇ ಕಷ್ಟ. ಹರಿಹರದ ಶಾಸನ ಬೇಕೇ? ಅದರಲ್ಲೇ ದಾವಣಗೆರೆ ತಾಲೂಕಿನ ಕೆಳಗೆ ನೋಡಬೇಕು. ಚನ್ನಗಿರಿ, ಹೊನ್ನಾಳಿಯವರಾದರೆ ಶಿವಮೊಗ್ಗದ 7ನೇ ಸಂಪುಟ. ಹರಪನಹಳ್ಳಿಯವರ ಪಾಡು ಕೇಳಲೇಬೇಡಿ: ಬಳ್ಳಾರಿ, ಆಮೇಲೆ ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ.

ಇದನ್ನೆಲ್ಲ ಭಾರೀ ಜಾಣನಂತೆ ಹೇಳುತ್ತಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಜಗಳೂರು ಕಡೆಯ ಹುಡುಗನೊಬ್ಬನಿಗೆ ಕ್ಯಾಟಲಾಗ್ ನೋಡಿ 'ಆ ಪುಸ್ತಕ ನಮ್ಮಲ್ಲಿಲ್ಲ' ಅಂತ ಹೇಳಿ ಕಳಿಸಿದ್ದೆ. ಸ್ಟಾಕ್ ವೆರಿಫಿಕೇಷನ್ ಹೊತ್ತಿಗೆ ಅದೇ ಪುಸ್ತಕ ಧೂಳು ತಿನ್ನುತ್ತ ಸಿಕ್ಕಿತು. ಎಂಟ್ರಿ ಮಾಡುವಾಗ ಶೀರ್ಷಿಕೆಯಲ್ಲಿ ಒಂದಕ್ಷರ ತಪ್ಪಿತ್ತು, ಮಾಡಿದವನು ನಾನೇ. ಅಷ್ಟರಲ್ಲಿ ಅವನು ಡಿಗ್ರಿ ಮುಗಿಸಿ ಹೋಗಿಯಾಗಿತ್ತು. ಅಂದಿನಿಂದ 'ಇಲ್ಲ' ಅನ್ನುವ ಮೊದಲು ಕಪಾಟಿನವರೆಗೆ ನಡೆದು ಹೋಗುತ್ತೇನೆ. ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಕ್ರಮದಲ್ಲಿ ಕರ್ನಾಟಕದ ಇತಿಹಾಸ 954.87, ಕನ್ನಡ ಸಾಹಿತ್ಯ 894.814. ನಂಬರ್ ಬಾಯಿಪಾಠ ಮಾಡಬೇಕಿಲ್ಲ. ಒಂದು ಪುಸ್ತಕ ಸಿಕ್ಕಿತೆಂದರೆ ಅದರ ಎಡಕ್ಕೊಂದು ಮೊಳ, ಬಲಕ್ಕೊಂದು ಮೊಳ ಕಣ್ಣಾಡಿಸಿದರೆ ಸಾಕು.

ಆನ್‌ಲೈನಿನಲ್ಲಿ ನಾನು ಮೊದಲು ಕಳಿಸುವುದು ಶೋಧಗಂಗಾಕ್ಕೆ. ಗುಜರಾತಿನ ಗಾಂಧಿನಗರದಲ್ಲಿರುವ, ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಪಿಎಚ್‌ಡಿ ಪ್ರಬಂಧಗಳ ಭಂಡಾರ ಅದು. ದುಡ್ಡು ಬೇಡ, ಪಾಸ್‌ವರ್ಡ್ ಬೇಡ. ಕನ್ನಡದ ಪ್ರಬಂಧಗಳೂ ಇವೆ. ಆದರೆ ಅವುಗಳಲ್ಲಿ ಅನೇಕವು ಸ್ಕ್ಯಾನ್ ಮಾಡಿದ ಚಿತ್ರಗಳು, ಇಲ್ಲವೇ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಆದವು. ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕಲ್ಲ. ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಿ: ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕೆಗಳ ಕಲಸುಮೇಲೋಗರ. ಹಾಗಾಗಿ ಒಳಗಿನ ಪದ ಹುಡುಕಲು ಹೋಗದೆ ಶೀರ್ಷಿಕೆಯನ್ನು ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಬೇಕು. ಸಿಕ್ಕ ಮೇಲೆ ಮೊದಲ ಅಧ್ಯಾಯಕ್ಕೆ ಹಾರಬೇಡಿ. ಅಧ್ಯಾಯಕ್ಕೊಂದು ಫೈಲ್ ಇರುತ್ತದೆ. ಕೊನೆಯ ಪರಾಮರ್ಶನ ಗ್ರಂಥಗಳ ಫೈಲ್ ತೆಗೆಯಿರಿ. ಒಬ್ಬರು ವರ್ಷಗಟ್ಟಲೆ ಅಲೆದು ಕೂಡಿಸಿದ ಪಟ್ಟಿ ಪುಕ್ಕಟೆಯಾಗಿ ಕೈಗೆ ಬರುತ್ತದೆ. (ಪಟ್ಟಿ ಅಂದೆ, ಪ್ಯಾರಾ ಅಲ್ಲ. ಪ್ಯಾರಾ ಎತ್ತಿಕೊಂಡು ಬಂದವರು ಎರಡನೇ ಪುಟದಲ್ಲೇ ಸಿಕ್ಕಿಬೀಳುತ್ತಾರೆ.)

ಜರ್ನಲ್ ಬೇಕಿದ್ದರೆ ಎನ್-ಲಿಸ್ಟ್, ಕಾಲೇಜುಗಳಿಗೆ ಆನ್‌ಲೈನ್ ಜರ್ನಲ್, ಪುಸ್ತಕ ಒದಗಿಸುವ ಇನ್‌ಫ್ಲಿಬ್‌ನೆಟ್‌ನದೇ ಯೋಜನೆ. ಕಾಲೇಜು ವರ್ಷಕ್ಕೊಮ್ಮೆ ಶುಲ್ಕ ಕಟ್ಟಿರುತ್ತದೆ. ಲೈಬ್ರರಿಯಲ್ಲಿ ಕೇಳಿದರೆ ಲಾಗಿನ್ ಕೊಡುತ್ತಾರೆ, ಮನೆಯಲ್ಲಿ ಕೂತೇ ಓದಬಹುದು. ಕೇಳುವವರೇ ಕಮ್ಮಿ.

ಮೊನ್ನೆ ಅರ್ಥಶಾಸ್ತ್ರದ ಹುಡುಗನೊಬ್ಬ ಮಂಡಕ್ಕಿ ಭಟ್ಟಿ ಕೆಲಸಗಾರರ ಬಗ್ಗೆ ಹುಡುಕಿ ಸೋತು ಬಂದ. 'ಮಂಡಕ್ಕಿ' ಒಂದೇ ಪದ ಹಿಡಿದು ಕೂತಿದ್ದ. ಹಳೆಯ ನೋಟಿಸಿನ ಬೆನ್ನ ಮೇಲೆ ಇಬ್ಬರೂ ಬರೆಯತೊಡಗಿದೆವು: ಚುರುಮುರಿ, ಪಫ್ಡ್ ರೈಸ್, ಮುರ್ಮುರಾ, ಗುಡಿ ಕೈಗಾರಿಕೆ, ಅಸಂಘಟಿತ ಕಾರ್ಮಿಕರು, ಹೊಗೆ ಮತ್ತು ಶ್ವಾಸಕೋಶ. ಕೊನೆಯದನ್ನು ಬರೆದವನು ಅವನೇ. ಪೆನ್ನು ಕೆಳಗಿಟ್ಟು ಕೇಳಿದ: 'ನಮ್ಮಜ್ಜ ಜೀವಮಾನವೆಲ್ಲ ಮರಳು ಕಾಸಿ ಮಂಡಕ್ಕಿ ಹುರಿದವರು ಸರ್. ಅವರನ್ನ ಕೇಳಿ ಬರೀಬಹುದಾ?'

'ಕೇಳಪ್ಪಾ, ಮೊದಲು ಅವರನ್ನೇ ಕೇಳು,' ಅಂದೆ. 'ಮಾತಾಡಿದ ತಾರೀಕು, ಜಾಗ ಮಾತ್ರ ಅಲ್ಲೇ ಗುರುತು ಹಾಕಿಕೋ. ಅಡಿಟಿಪ್ಪಣಿಗೆ ಬೇಕಾಗುತ್ತೆ.'