ರಕ್ತಪಿಶಾಚಿಗೂ ಫುಟ್‌ಬಾಲಿಗೂ ಏನು ನಂಟು?

ಮನೆಗೆ ಬಂದವರು ನನ್ನ ಕಪಾಟಿನ ಮುಂದೆ ನಿಂತರೆ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತು. ಮೇಲಿನ ಸಾಲಿನಲ್ಲಿ ಪುರಾಣ, ಐತಿಹ್ಯಗಳ ಪುಸ್ತಕ. ನಡುವೆ 1920ರಿಂದ 40ರ ದಶಕದವರೆಗಿನ ಕಪ್ಪು-ಬಿಳುಪು ಭಯಾನಕ ಸಿನಿಮಾಗಳ ಡಿಸ್ಕುಗಳು. ಕೆಳಗೆ ಅಮೆರಿಕದ ಕಾಲೇಜು ಫುಟ್‌ಬಾಲಿನ ಚರಿತ್ರೆ. "ಪುರಾಣ ಸರಿ, ದೆವ್ವದ ಸಿನಿಮಾನೂ ಹೋಗಲಿ. ಈ ಫುಟ್‌ಬಾಲ್ ಎಲ್ಲಿಂದ ಬಂತು? ಇವು ಮೂರೂ ಒಂದೇ ತಲೆಗೆ ಹೇಗ್ರೀ ಹೊಕ್ಕವು?" ಇಂಡಿಯಾನಾದ ನಮ್ಮ ಕನ್ನಡ ಕೂಟದಲ್ಲಿ ಇದನ್ನು ಕೇಳದವರೇ ಕಡಿಮೆ.

ನನ್ನ ಮಟ್ಟಿಗೆ ಅವು ಮೂರಲ್ಲ, ಒಂದೇ. ನಡೆದ ಸಂಗತಿಯೋ, ಯಾರೋ ಕಟ್ಟಿದ ಮಾತೋ ಜನರ ಬಾಯಲ್ಲಿ ದಂತಕಥೆಯಾಗುವ ಗಳಿಗೆ ಇದೆಯಲ್ಲ, ಅದನ್ನು ಹಿಡಿಯುವ ಆಸೆ ನನಗೆ.

ಹಳೆಯ ಕಥೆಗಳಲ್ಲಿ ಆ ಗಳಿಗೆ ಕೈಗೆ ಸಿಗುವುದಿಲ್ಲ. ಚಿತ್ರದುರ್ಗದ ಕೋಟೆಯೊಳಗಿನ ಹಿಡಿಂಬೇಶ್ವರನ ಗುಡಿಯಲ್ಲಿ ಹಿಡಿಂಬಾಸುರನ ಹಲ್ಲು ಎಂದು ಒಂದು ತುಂಡನ್ನು ತೋರಿಸುತ್ತಾರೆ. ಅದನ್ನು ನೋಡಿದಾಗಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇದು ರಾಕ್ಷಸನ ಹಲ್ಲು ಎಂದು ಮೊಟ್ಟಮೊದಲು ಬಾಯಿಬಿಟ್ಟು ಹೇಳಿದವರು ಯಾರು? ಯಾರ ಮುಂದೆ ಹೇಳಿದರು? ಕೇಳಿದವರು ತಕ್ಷಣ ಕೈ ಮುಗಿದರೋ, ನಕ್ಕರೋ? ಅದನ್ನೆಲ್ಲ ಕಾಲ ನುಂಗಿ ಕೂತಿದೆ. ಫುಟ್‌ಬಾಲಿನಲ್ಲಿ, ಹಳೆಯ ಸಿನಿಮಾದಲ್ಲಿ ಹಾಗಲ್ಲ. ಅಲ್ಲಿ ತಾರೀಖು ಸಮೇತ ಸಿಗುತ್ತದೆ.

ಈ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ನುಗ್ಗಬೇಕಾದ ಆಟ. 1924ರ ಅಕ್ಟೋಬರ್ 18ರಂದು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ಇಂಡಿಯಾನಾದ ನೋಟ್ರೆ ಡೇಮ್ ವಿಶ್ವವಿದ್ಯಾಲಯದ ತಂಡ ಸೇನಾ ಅಕಾಡೆಮಿಯ ತಂಡವನ್ನು 13-7ರಿಂದ ಸೋಲಿಸಿತು. ಸ್ಟುಲ್‌ಡ್ರೆಹರ್, ಮಿಲ್ಲರ್, ಕ್ರೌಲಿ, ಲೇಡನ್ ಎಂಬ ನಾಲ್ವರು ಹುಡುಗರು ಎದುರಾಳಿಗಳ ನಡುವೆ ನುಗ್ಗಿ ಓಡಿದರು. ಆ ನಾಲ್ವರಲ್ಲಿ 75 ಕೆ.ಜಿ. ತೂಗುವವನು ಒಬ್ಬನೂ ಇರಲಿಲ್ಲ.

ತಂಡದ ಪ್ರಚಾರ ನೋಡಿಕೊಳ್ಳುತ್ತಿದ್ದವನು ಜಾರ್ಜ್ ಸ್ಟ್ರಿಕ್ಲರ್ ಎಂಬ ವಿದ್ಯಾರ್ಥಿ. ಬೈಬಲಿನ ಪ್ರಕಟನೆ ಗ್ರಂಥದಲ್ಲಿ ಲೋಕದ ಅಂತ್ಯಕ್ಕೆ ಬರುವ ನಾಲ್ವರು ಕುದುರೆ ಸವಾರರಿದ್ದಾರೆ. ಅವರ ಹೆಸರನ್ನೇ ಹೊತ್ತು 1921ರಲ್ಲಿ ರುಡಾಲ್ಫ್ ವ್ಯಾಲೆಂಟಿನೋ ನಟಿಸಿದ ಮೂಕಿಚಿತ್ರವೊಂದು ಬಂದಿತ್ತು. ಸ್ಟ್ರಿಕ್ಲರ್ ಅದನ್ನು ಆಗಷ್ಟೇ ನೋಡಿದ್ದ. ಆಟದ ವಿರಾಮದಲ್ಲಿ ಪತ್ರಕರ್ತರ ನಡುವೆ ನಿಂತು, ಇವರು ಥೇಟ್ ಆ ಸವಾರರ ಹಾಗೇ ಇದ್ದಾರೆ ಎಂದ. ಆ ಮಾತು ಕ್ರೀಡಾ ವರದಿಗಾರ ಗ್ರಾಂಟ್‌ಲ್ಯಾಂಡ್ ರೈಸ್ ಕಿವಿಗೆ ಬಿತ್ತು. ಅಕ್ಟೋಬರಿನ ನೀಲಿ-ಬೂದು ಆಕಾಶದ ಎದುರು ನಾಲ್ವರು ಸವಾರರು ಮತ್ತೆ ಹೊರಟರು ಎಂದು ಅವರು ವರದಿ ಶುರು ಮಾಡಿದರು. ಬರಗಾಲ, ಪಿಡುಗು, ವಿನಾಶ, ಸಾವು ಎಂದು ಹೆಸರಿಸಿ, ಇವೆಲ್ಲ ಬರೀ ಅಡ್ಡಹೆಸರು ಎಂದು ಹೇಳಿ, ಆಮೇಲೆ ಆ ಹುಡುಗರ ಹೆಸರು ಬರೆದರು.

ಪತ್ರಕರ್ತರು ಕೂರುವುದು ಎತ್ತರದಲ್ಲಿ, ಆಟಗಾರರು ಕಾಣುವುದು ಕೆಳಗಿನ ಹುಲ್ಲಿನ ಮೇಲೆ. ಹಾಗಿದ್ದ ಮೇಲೆ ಅವರ ಹಿಂದೆ ಆಕಾಶ ಕಂಡದ್ದು ಹೇಗೆ ಎಂದು ಕೇಳಿದವರೂ ಇದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಆಕಾಶವಿಲ್ಲದೆ ಹೋಗಿದ್ದರೆ ಅದು ಬರೀ ವರದಿಯಾಗಿ ಉಳಿಯುತ್ತಿತ್ತು. ಸ್ಟ್ರಿಕ್ಲರ್ ಕೈಕಟ್ಟಿ ಕೂರಲಿಲ್ಲ. ಊರಿಗೆ ಮರಳಿದ್ದೇ ನಾಲ್ಕು ಕುದುರೆ ಹೊಂದಿಸಿ, ಆಟದ ಉಡುಪಿನಲ್ಲೇ ಹುಡುಗರನ್ನು ಮೇಲೆ ಕೂರಿಸಿ ಫೋಟೋ ತೆಗೆಸಿದ. ಕೈಯಲ್ಲಿ ಚೆಂಡು ಹಿಡಿದು ಕುದುರೆಯ ಮೇಲೆ ಬಿಗಿದುಕೊಂಡು ಕೂತ ಆ ನಾಲ್ವರ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಹರಿದಾಡಿತು. ಧರ್ಮಗ್ರಂಥದಿಂದ ಸಿನಿಮಾಕ್ಕೆ, ಸಿನಿಮಾದಿಂದ ಪತ್ರಿಕೆಗೆ, ಪತ್ರಿಕೆಯಿಂದ ಜನರ ನಾಲಿಗೆಗೆ ಆ ಕಥೆ ನಡೆದ ದಾರಿ ಪೂರ್ತಿ ಕಣ್ಣಿಗೆ ಕಾಣುತ್ತದೆ. ಹಿಡಿಂಬನ ಹಲ್ಲಿನ ವಿಷಯದಲ್ಲಿ ನನಗೆ ಸಿಗದೇ ಹೋದದ್ದು ಇದೇ.

ಅದೇ ತಂಡದ ಕೋಚ್ ಕ್ನೂಟ್ ರಾಕ್ನಿ. ಅವರ ಆಟಗಾರ ಜಾರ್ಜ್ ಗಿಪ್ 1920ರ ಡಿಸೆಂಬರಿನಲ್ಲಿ, 25ನೇ ವಯಸ್ಸಿನಲ್ಲಿ ಕಾಯಿಲೆಯಿಂದ ತೀರಿಕೊಂಡ. 1928ರಲ್ಲಿ ಮತ್ತೆ ಸೇನಾ ತಂಡವೇ ಎದುರಾದಾಗ, ತಂಡ ಕಷ್ಟದಲ್ಲಿದ್ದಾಗ ನನಗಾಗಿ ಒಂದು ಆಟ ಗೆಲ್ಲಿ ಎಂದು ಗಿಪ್ ಸಾಯುವಾಗ ಕೇಳಿಕೊಂಡಿದ್ದ ಎಂದು ರಾಕ್ನಿ ಹುಡುಗರಿಗೆ ಹೇಳಿದರು. ಹುಡುಗರು 12-6ರಿಂದ ಗೆದ್ದರು. ಗಿಪ್ ಹಾಗೆ ಕೇಳಿದ್ದಕ್ಕೆ ರಾಕ್ನಿಯವರ ಮಾತು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ, ಚರಿತ್ರಕಾರರಿಗೆ ಅನುಮಾನವೂ ಇದೆ. ನನಗೆ ಮುಖ್ಯವಾಗುವುದು ಆ ಕೋಣೆ. ಎಂಟು ವರ್ಷ ಹಿಂದೆ ಸತ್ತವನೊಬ್ಬ ಅಲ್ಲಿ ಒಂದು ಮಾತಿನಿಂದ ಎದ್ದು ನಿಂತ.

ಸತ್ತವರು ಎದ್ದು ಬರುವುದು ಎಂದೆನಲ್ಲ, ಹಳೆಯ ಸಿನಿಮಾಗಳ ಕಸುಬೇ ಅದು. ಅಲ್ಲೂ ನನ್ನನ್ನು ಸೆಳೆಯುವುದು ಭಯಕ್ಕಿಂತ ಹೆಚ್ಚಾಗಿ, ನಿನ್ನೆ ಹುಟ್ಟಿದ್ದು ಇವತ್ತು ಸನಾತನವಾಗುವ ಬಗೆ. ಬಿಸಿಲು ಬಿದ್ದರೆ ರಕ್ತಪಿಶಾಚಿ ಸಾಯುತ್ತದೆ ಎಂಬುದು ಅನಾದಿ ನಂಬಿಕೆ ಎಂದೇ ಎಲ್ಲರೂ ತಿಳಿದಿದ್ದಾರೆ. 1897ರ ಬ್ರಾಮ್ ಸ್ಟೋಕರ್ ಕಾದಂಬರಿಯಲ್ಲಿ ಡ್ರಾಕುಲಾ ಹಗಲು ಹೊತ್ತಿನಲ್ಲೇ ಲಂಡನ್ನಿನ ಬೀದಿಯಲ್ಲಿ ಓಡಾಡುತ್ತಾನೆ. ಬಿಸಿಲಿಗೆ ಪಿಶಾಚಿ ಕರಗಿಹೋದದ್ದು 1922ರ ಜರ್ಮನ್ ಮೂಕಿಚಿತ್ರ 'ನೊಸ್ಫೆರಾಟು'ವಿನಲ್ಲಿ.

ಇನ್ನೂ ಸೊಗಸಾದದ್ದು 1941ರ 'ದಿ ವುಲ್ಫ್ ಮ್ಯಾನ್'. ಮನಸ್ಸು ಶುದ್ಧವಾಗಿದ್ದು ರಾತ್ರಿ ತಪ್ಪದೆ ಪ್ರಾರ್ಥನೆ ಮಾಡುವವನೂ ತೋಳವಾಗಬಹುದು ಎಂಬರ್ಥದ ನಾಲ್ಕು ಸಾಲಿನ ಪದ್ಯ ಅದರಲ್ಲಿದೆ. ಪಾತ್ರಗಳು ಅದನ್ನು ಊರ ಹಳೆಯ ಗಾದೆಯಂತೆ ಮತ್ತೆ ಮತ್ತೆ ಹೇಳುತ್ತವೆ. ನೋಡಿದ ಎಷ್ಟೋ ಜನ ಅದು ಯುರೋಪಿನ ಜನಪದರದ್ದೇ ಎಂದು ನಂಬಿದರು. ಬರೆದವರು ಆ ಚಿತ್ರದ ಕಥೆಗಾರ ಕರ್ಟ್ ಸಿಯೋಡ್ಮ್ಯಾಕ್, ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟುಬಂದ ಯಹೂದಿ. ಮೊದಲ ಚಿತ್ರದ ಪದ್ಯದಲ್ಲಿ ಶರತ್ಕಾಲದ ಚಂದ್ರ ಇದ್ದಾನೆ. 1943ರ ಮುಂದಿನ ಚಿತ್ರದ ಹೊತ್ತಿಗೆ ಅದು ಹುಣ್ಣಿಮೆ ಚಂದ್ರನಾಯಿತು. ಜನಪದ ಕಥೆ ಬಾಯಿಂದ ಬಾಯಿಗೆ ಬದಲಾಗುವ ರೀತಿಯಲ್ಲೇ ಎರಡು ವರ್ಷದಲ್ಲಿ ಬದಲಾಯಿತು!

ಇನ್ನು ನಂಟಿನ ಮಾತು. 1931ರಲ್ಲಿ ಯೂನಿವರ್ಸಲ್ ಸ್ಟುಡಿಯೋ ಫೆಬ್ರವರಿಗೆ 'ಡ್ರಾಕುಲಾ' ತೆರೆಗೆ ತಂದಿತು, ನವೆಂಬರಿಗೆ 'ಫ್ರಾಂಕನ್‌ಸ್ಟೈನ್'. ಎರಡರ ನಡುವೆ ಅದೇ ಸ್ಟುಡಿಯೋ 'ದಿ ಸ್ಪಿರಿಟ್ ಆಫ್ ನೋಟ್ರೆ ಡೇಮ್' ಎಂಬ ಫುಟ್‌ಬಾಲ್ ಚಿತ್ರವನ್ನೂ ಮಾಡಿತು. ಆ ನಾಲ್ವರು ಸವಾರರು ಅದರಲ್ಲಿ ತಮ್ಮದೇ ಪಾತ್ರದಲ್ಲಿ ಕಾಣಿಸಿಕೊಂಡರು. ಅದರ ಕೆಲಸಕ್ಕೆಂದು ಲಾಸ್ ಏಂಜಲೀಸಿಗೆ ಹೊರಟಿದ್ದ ರಾಕ್ನಿ ಮಾತ್ರ ಮಾರ್ಚ್ 31ರಂದು ಕ್ಯಾನ್ಸಸ್‌ನಲ್ಲಿ ವಿಮಾನ ಬಿದ್ದು ತೀರಿಕೊಂಡರು. ನನ್ನ ಕಪಾಟಿನ ಸಾಲುಗಳನ್ನು ನಾನು ಜೋಡಿಸುವ ಮೊದಲೇ ಬೇರೆಯವರು ಜೋಡಿಸಿಟ್ಟಿದ್ದರು.

ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ನಾನು ಹೇಳುವುದು 1920ರ 'ಗೋಲೆಮ್' ನೋಡಿ ಎಂದು. ಪ್ರಾಗ್ ಊರಿನ ಯಹೂದಿ ಗುರುವೊಬ್ಬರು ತಮ್ಮ ಜನರ ರಕ್ಷಣೆಗೆ ಮಣ್ಣಿನಿಂದ ಮನುಷ್ಯನನ್ನು ಮಾಡಿದ ಐತಿಹ್ಯ ಅದು. ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ ಮುಂದೆ ಅಮೆರಿಕಕ್ಕೆ ಬಂದು 'ಡ್ರಾಕುಲಾ'ಗೆ ಕ್ಯಾಮೆರಾ ಹಿಡಿದರು, 1932ರಲ್ಲಿ 'ದಿ ಮಮ್ಮಿ' ನಿರ್ದೇಶಿಸಿದರು. ಆ ಮೂರನ್ನೂ ಅದೇ ಕ್ರಮದಲ್ಲಿ ನೋಡಿ. ಫುಟ್‌ಬಾಲಿಗೆ ಸೆಪ್ಟೆಂಬರಿನ ಯಾವ ಶನಿವಾರವಾದರೂ ಆದೀತು, ಮಕ್ಕಳು ಓದುವ ಕಾಲೇಜಿನ ತಂಡವನ್ನೇ ಹಿಡಿದುಕೊಳ್ಳಿ.